ಕತ್ತಾಳೆ ಬೇಲಿಯ ಹಿಂದೆ ಬಿಟ್ಟ ಅಜ್ಜಿ

೧೯೭೪ರ ಆಷಾಢ, ಒಂದು ಮಂಗಳವಾರ, ಮಧ್ಯಾಹ್ನ ಮೂರೂವರೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹತ್ತಿರದ ಹಳ್ಳಿಯೊಂದರ ನಮ್ಮ ಬಾಡಿಗೆ ಮನೆಯಲ್ಲಿ ಇದ್ದವರು ನಾಲ್ವರು: ನಾನು, ನನ್ನ ಹೆಂಡತಿ ಪಾರ್ವತಿ, ನಮ್ಮವ್ವ, ಮತ್ತು ದಡಾರ ಎದ್ದು ಮಲಗಿದ್ದ ಐದು ವರ್ಷದ ಮಗಳು ಗಿರಿಜೆ. ಆ ದಿನದವರೆಗೆ ಇಂಥ ಯಾವ ಸಂಗತಿಯನ್ನೂ ನಾನು ನಂಬಿದವನಲ್ಲ. ನೀವು ನಂಬಬೇಕೆಂದೂ ಕೇಳುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವನು ನಾನು. ನಾಲ್ಕೂವರೆಗೆ ಏಳುವುದು, ಐದಕ್ಕೆ ತಣ್ಣೀರು ಸ್ನಾನ, ಹೇಳಿದ ಹೊತ್ತಿಗೆ ಹೇಳಿದ ಕೆಲಸ. ಆ ಅಭ್ಯಾಸ ಕೊನೆಗೂ ಬಿಡಲಿಲ್ಲ. ಊರೂರು ತಿರುಗಿ ಮಕ್ಕಳಿಗೆ ಸಿಡುಬಿನ ದಾಕು ಹಾಕುವುದು ನನ್ನ ಉದ್ಯೋಗ. ಆದರೆ ದಡಾರಕ್ಕೆ ನನ್ನ ಚೀಲದಲ್ಲಿ ಏನೂ ಇರಲಿಲ್ಲ. ಗಿರಿಜೆಯ ಜ್ವರ ಆರನೆಯ ದಿನವೂ ಇಳಿದಿರಲಿಲ್ಲ. ಡಾಕ್ಟರು ಕೊಟ್ಟ ಔಷಧಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅಂದು ಬೆಳಿಗ್ಗೆಯಿಂದ ಎದೆಯಲ್ಲಿ ಗೊರಗೊರ ಸದ್ದು ಬೇರೆ ಶುರುವಾಗಿತ್ತು. ಆ ಸದ್ದು ಬಂದ ಮಕ್ಕಳನ್ನು ನಾನು ಹಲವು ಊರುಗಳಲ್ಲಿ ಕಂಡಿದ್ದೆ. ಎಲ್ಲರೂ ಉಳಿದಿರಲಿಲ್ಲ.

ನಮ್ಮ ಕಡೆ ಆಷಾಢದಲ್ಲಿ ಅಜ್ಜಿ ಹಬ್ಬ ಮಾಡುತ್ತಾರೆ. ಮಕ್ಕಳ ಮೈಮೇಲೆ ಏಳುವ ಅಮ್ಮ ಒಬ್ಬ ಅಜ್ಜಿಯಾಗಿ ಊರಿಗೆ ಬಂದಿರುತ್ತಾಳಂತೆ. ಅವಳನ್ನು ಮಣ್ಣಿನಲ್ಲಿ ಗೇಣುದ್ದ ಮಾಡಿ, ಅರಿಶಿನ ಬಳಿದು, ಬೇವಿನ ಸೊಪ್ಪು, ಹೋಳಿಗೆ, ಬಳೆಗಳ ಜೊತೆ ಮೊರದಲ್ಲಿ ಕೂರಿಸಿ ಊರ ಗಡಿಯಲ್ಲಿ ಬಿಟ್ಟು ಬರಬೇಕು. ಹಿಂದಿನ ಮಂಗಳವಾರ ಊರೆಲ್ಲ ಮಾಡಿತ್ತು. ನಮ್ಮ ಮನೆಯಲ್ಲಿ ಬೇಡವೆಂದು ನಾನೇ ತಡೆದಿದ್ದೆ.

ಅಂದು ಗಿರಿಜೆ ಕಣ್ಣು ಬಿಟ್ಟು ತನ್ನ ಕಾಲದೆಸೆಗೆ ನೋಡುತ್ತ, "ಈ ಅಜ್ಜೀನ ಯಾರೂ ಕಳಿಸ್ತಿಲ್ಲಂತೆ. ಎಷ್ಟೊತ್ತು ಕುಂತಿರ್ಲಿ ಅಂತ ಕೇಳ್ತೈತೆ," ಅಂದಳು. ಅಲ್ಲಿ ಯಾರೂ ಇರಲಿಲ್ಲ. ಜ್ವರದ ಕನವರಿಕೆ ಎಂದೆ.

"ನಿನ್ ಸೂಜಿ ನಿನ್ ಹತ್ರಾನೆ ಇಟ್ಕ," ಎಂದಳು ಅವ್ವ. "ನನ್ ಮೊಣಕಾಲು ನೆಟ್ಟಗಿದ್ದಿದ್ರೆ ನಿನ್ ಕೈ ಕಾಲು ಹಿಡೀತಿರ್ಲಿಲ್ಲ ಕಣಪ್ಪ. ಹೊತ್ಕಂಡು ಹೋಗಿ ಬಿಟ್ಟು ಬಾ."

ಅವ್ವ ಆಗಲೇ ಅಜ್ಜಿಯನ್ನು ಮಾಡಿ ಮೊರದಲ್ಲಿ ಕೂರಿಸಿಟ್ಟಿದ್ದಳು. ಪಾರ್ವತಿಯ ಸೆರಗನ್ನು ಮಗು ಬಿಡುತ್ತಿರಲಿಲ್ಲ. ಹೀಗೆ ಹೆಂಗಸರು ಹೊರುವ ಮೊರ ನನ್ನ ತಲೆಗೆ ಬಂತು.

ಗಡಿಕಲ್ಲು ಒಂದೂವರೆ ಮೈಲಿ. ಕೆರೆ ಏರಿ ಇಳಿದೊಡನೆ ದೂರದಲ್ಲಿ ಊರಿನ ಇಬ್ಬರು ರೈತರು ಬರುವುದು ಕಂಡಿತು. ಅವರೆದುರಿಗೇ ಅಜ್ಜಿ ಹಬ್ಬವನ್ನು ಗೇಲಿ ಮಾಡಿ ವಾರವಾಗಿರಲಿಲ್ಲ. ನಾಚಿಕೆಯಾಯಿತು. ಮೊರವನ್ನು ಕತ್ತಾಳೆ ಬೇಲಿಯ ಹಿಂದೆ ಇಳಿಸಿ ದಾರಿಗೆ ಬಂದು ನಿಂತೆ.

"ಏನ್ ಸ್ವಾಮಿ, ಬರಿಗೈಲಿ ಹೊಂಟೀರಿ? ಇವತ್ತು ನಮ್ ರಟ್ಟೆಗೆ ರಜಾನ?" ಎಂದ ಒಬ್ಬ.

"ನಿನ್ ರಟ್ಟೆ ಎಲ್ಲಿಗೂ ಓಡಿ ಹೋಗಲ್ಲ ಬಿಡು," ಎಂದು ನಕ್ಕೆ. ಅವರು ಮರೆಯಾದ ಮೇಲೂ ನಾನು ಮುಂದೆ ಹೋಗಲಿಲ್ಲ. ಅಲ್ಲಿಟ್ಟರೇನು, ಇಲ್ಲಿಟ್ಟರೇನು ಎಂದುಕೊಂಡು ಮನೆಗೆ ತಿರುಗಿದೆ.

"ಗಡಿಗೆ ಹೋಗಿದ್ರಾ?" ಎಂದು ಪಾರ್ವತಿ ಒಳಗಿನಿಂದಲೇ ಕೇಳಿದಳು. ಹೂಂ ಎಂದೆ.

"ಸುಳ್ಳು ಹೇಳ್ಬ್ಯಾಡ್ರಿ. ಅಪ್ಪ ಅಜ್ಜೀನ ಮುಳ್ಳಾಗೆ ಕುಂದ್ರಿಸಿ ಬಂತು, ಅಜ್ಜಿ ವಾಪಸ್ ಬರ್ತೈತೆ ಅಂತ ಕೂಸು ಆಗ್ಲಿಂದ ಅಳ್ತಾ ಐತೆ."

ಕೋಣೆಗೆ ಕಿಟಕಿಯಿರಲಿಲ್ಲ. ಬೇಲಿ ಮುಕ್ಕಾಲು ಮೈಲಿ ದೂರ. ಆ ಇಬ್ಬರು ಮೊರವನ್ನು ಕಂಡಿರಲಿಲ್ಲ, ನಮ್ಮ ಮನೆಯ ಕಡೆ ಬಂದೂ ಇರಲಿಲ್ಲ. ನಾನು ಚಪ್ಪಲಿ ಬಿಚ್ಚಿಟ್ಟು ಮತ್ತೆ ಹೊರಟೆ.

ಮೊರ ಇಟ್ಟಲ್ಲೇ ಇತ್ತು. ಎತ್ತಿ ತಲೆಯ ಮೇಲಿಟ್ಟುಕೊಂಡಾಗ ಆಷಾಢದ ಗಾಳಿ ನಿಂತುಹೋಗಿತ್ತು. ಮಳೆಯಿಲ್ಲದ ಮೋಡದ ಕೆಳಗೆ ಎಳ್ಳು ಹೊಲಗಳೆಲ್ಲ ಅರಿಶಿನ ಕಲಸಿದ ನೀರಿನಲ್ಲಿ ಅದ್ದಿಟ್ಟಂತೆ ಕಾಣುತ್ತಿದ್ದವು. ದಾರಿಯಲ್ಲಿ ಒಂದು ಹಕ್ಕಿಯ ದನಿಯೂ ಇರಲಿಲ್ಲ. ನಾನು ಬಿರುಸು ನಡಿಗೆಯವನು. ಅಂದು ಎಷ್ಟು ಪ್ರಯತ್ನಿಸಿದರೂ ಕಾಲು ಬೀಸಾಗಿ ಬರಲಿಲ್ಲ. ಪಕ್ಕದಲ್ಲಿ ವಯಸ್ಸಾದವರು ನಡೆಯುತ್ತಿದ್ದರೆ ನಾವು ಹೆಜ್ಜೆ ಚಿಕ್ಕದು ಮಾಡಿಕೊಳ್ಳುತ್ತೇವಲ್ಲ, ಹಾಗೆ ನಡೆಯುತ್ತಿದ್ದೆ. ಎರಡು ಕಡೆ ನಿಂತು ದಣಿವಾರಿಸಿಕೊಂಡೆ. ದಣಿದವನು ನಾನಾಗಿರಲಿಲ್ಲ. ಗಡಿಕಲ್ಲಿನ ಬಳಿ ಮೊರ ಇಳಿಸಿದಾಗ, ಏಕೋ, ಅಜ್ಜಿಯ ಮುಖವನ್ನು ಮುಂದಿನ ಊರಿನ ಕಡೆಗೆ ತಿರುಗಿಸಿಟ್ಟೆ.

ಮುಂದೆ ವರ್ಗವಾದ ಕಡೆಯೆಲ್ಲ ಈ ಅಜ್ಜಿಯ ಮೂಲ ವಿಚಾರಿಸಿದ್ದೇನೆ. ಹೊಸದುರ್ಗದವರು ಅವಳು ಹಿರಿಯೂರು ಕಡೆಯವಳೆಂದರು. ಹಿರಿಯೂರಿನ ಯಲ್ಲದಕೆರೆಯಲ್ಲಿ ಹೊಳಲ್ಕೆರೆಯ ಕಡೆ ಕೈ ತೋರಿಸಿದರು. ನಮ್ಮೂರವಳು ಎಂದವರು ಒಬ್ಬರೂ ಸಿಗಲಿಲ್ಲ.

ಅಂದು ಮನೆ ಸೇರುವಾಗ ದೀಪ ಹಚ್ಚಿದ್ದರು. ಗಿರಿಜೆಯ ಹಣೆ ಬೆವೆತಿತ್ತು. ಉಸಿರು ಹಗುರವಾಗಿತ್ತು. ಗಂಜಿ ಬೇಕೆಂದು ಕೇಳಿದ್ದಳಂತೆ. ನಾನೇ ಕುಡಿಸಲು ಕುಳಿತೆ. ಅರ್ಧದಲ್ಲಿ ಚಮಚವನ್ನು ತಡೆದು, "ಅಪ್ಪಾ, ಅಜ್ಜಿ ಅಲ್ಲಿ ಒಂದೇ ಕುಂತೈತಾ?" ಎಂದಳು.

ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಬಾಯಿಗೆ ಬಂದದ್ದನ್ನು ಹೇಳಿದೆ. "ಇಲ್ಲವ್ವ. ಆಚೆ ಊರಿಂದ ಅಜ್ಜಿ ಮಗಳು ಬಂದಿದ್ಲು. ಕೈ ಹಿಡ್ಕಂಡು ಕರ್ಕಂಡು ಹೋದ್ಲು."

"ಹೂಂ, ನಾನೂ ನೋಡ್ದೆ," ಎಂದಳು ಗಿರಿಜೆ. "ಹಸ್ರು ಸೀರೆ ಉಟ್ಟಿದ್ಲು."

ನಾನು ಉಳಿದ ಗಂಜಿ ಕುಡಿಸಿ, ಅವಳ ಬಾಯಿ ಒರೆಸಿ, ಲೋಟ ತೊಳೆದು ಬೋರಲು ಹಾಕಿದೆ.