ಪಡುವಿನಿಂದ ಮೂರನೆಯವರು

ಉಳ್ಳಾಲದ ನಮ್ಮ ಮನೆಯಲ್ಲಿ ಅಪ್ಪನ ಒಂದೇ ಒಂದು ಚಿತ್ರವಿತ್ತು. ಸರಕು ಸಾಗಿಸುವ ಹಾಯಿಹಡಗೊಂದು, ನಮ್ಮವರ ಮಾತಿನಲ್ಲಿ ಮಂಜಿ, ಹೊಳೆಯಾಚೆಯ ಹೊಯಿಗೆ ಬಜಾರಿನಲ್ಲಿ ನೀರಿಗಿಳಿದ ದಿನ ಅದರ ಒಡೆಯರು ಅಪ್ಪನೂ ಸೇರಿ ಅದರಲ್ಲಿ ದುಡಿಯುವ ಹತ್ತು ಮಂದಿ ಖಲಾಸಿಗಳನ್ನು ನದಿಯ ದಂಡೆಯಲ್ಲಿ ಸಾಲಾಗಿ ನಿಲ್ಲಿಸಿ ತೆಗೆಸಿದ್ದು. ದೊಡ್ಡ ನೆರೆಗೆ ಮುಂಚಿನ ಬೇಸಗೆಯಲ್ಲಿ ಎಂದು ಅಮ್ಮ ಹೇಳುತ್ತಿದ್ದರು. ನೆರೆ ಬಂದದ್ದು 1923ರಲ್ಲಿ. ಶಾಲೆಯ ದಾಖಲೆಯೊಂದಿಗೆ ತಾಳೆ ನೋಡಿದರೆ ಆಗ ನನಗೆ ವರ್ಷ ತುಂಬಿರಲಿಲ್ಲ. ಮರುವರ್ಷ ಅಪ್ಪನನ್ನು ಹೊತ್ತು ಹೋದ ಆ ಮಂಜಿ ಹಿಂದಿರುಗಲಿಲ್ಲ.

ಅಮ್ಮ ಗಂಡನ ಹೆಸರು ಹೇಳುವವರಲ್ಲ. ‘ಪಡುವಿನಿಂದ ಮೂರನೆಯವರು’ ಎನ್ನುತ್ತಿದ್ದರು. ಎಡ, ಬಲ ಎನ್ನುವ ರೂಢಿ ನಮ್ಮಲ್ಲಿರಲಿಲ್ಲ. ಕಡಲಿರುವ ಪಶ್ಚಿಮ ಪಡು, ಅದರ ಎದುರು ಮೂಡು. ಬಟ್ಟಲಿನಲ್ಲಿರುವ ಮೀನಿನ ತುಂಡನ್ನೂ ಹಾಗೆಯೇ ತೋರಿಸುವುದು. ಶಾಲೆಯ ಭೂಪಟದಲ್ಲಿ ಪಡು ಎಡಗಡೆಗಿತ್ತು. ಹಾಗಾಗಿ ಮಾಡಿನ ಕೆಳಗೆ ಎತ್ತರದಲ್ಲಿ ತೂಗುತ್ತಿದ್ದ ಆ ಚಿತ್ರದಲ್ಲಿ ಎಡದಿಂದ ಮೂರನೆಯ ಮುಖವನ್ನು, ಅಕ್ಕಿಕಾಳಿನಷ್ಟಿದ್ದುದನ್ನು, ನಾನು ವರ್ಷಗಟ್ಟಲೆ ನೋಡಿದೆ. ಅದು ಒಮ್ಮೆ ದೊಡ್ಡದಾಗಿ ಕಾಣಬೇಕೆಂಬುದು ನನ್ನ ಬಾಲ್ಯದ ಏಕೈಕ ಹಂಬಲ.

ಯುದ್ಧ ಶುರುವಾದ ಮೇಲೆ, ನಾನು ಕಾಲೇಜಿನಲ್ಲಿದ್ದಾಗ, ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳಿ ಒಂದು ಭಾನುವಾರದ ಮಟ್ಟಿಗೆ ಪೀನಮಸೂರವೊಂದನ್ನು ಮನೆಗೆ ತಂದೆ. ಚಿತ್ರವನ್ನು ಕೆಳಗಿಳಿಸಿ ಜಗಲಿಯ ಬೆಳಕಿನಲ್ಲಿಟ್ಟು ಮಸೂರ ಹಿಡಿದೆ. ದಪ್ಪ ಮೀಸೆ, ಸ್ವಲ್ಪ ನಗು, ಒಂದು ಕಿವಿಯಲ್ಲಿ ಒಂಟಿ. ಎಲ್ಲವೂ ಸ್ಪಷ್ಟ. ಅಮ್ಮನನ್ನು ಕರೆದೆ.

ಅಮ್ಮ ಬಗ್ಗಿ ನೋಡಿದರು. ಅವರು ಆಡಿದ್ದು ತುಳುವಿನಲ್ಲಿ; ಕನ್ನಡಕ್ಕೆ ತಂದದ್ದು ನಾನು.

“ಇವನನ್ನು ಎಂತಕ್ಕೆ ನೋಡ್ತೀ ಮಾರಾಯ? ಇವ ಮಂಜಿಯ ಅಡಿಗೆಯವ. ಇವನ ಗಂಜಿಗೆ ನಿನ್ನ ಅಪ್ಪ ಬೈಯದ ದಿನ ಇಲ್ಲ.”

“ಪಡುವಿನಿಂದ ಮೂರನೆಯವರು ಅಂತ ನೀವೇ ಹೇಳಿದ್ದಲ್ಲ ಅಮ್ಮ?”

“ಹೌದು. ಇವರ ಹಿಂದೆ ಹೊಳೆ, ಹೊಳೆಯ ಆಚೆ ನಮ್ಮ ಉಳ್ಳಾಲ. ಹಾಗಾದರೆ ಕಡಲು ಯಾವ ಕಡೆಗೆ ಉಂಟು? ಕಾಲೇಜಿಗೆ ಹೋಗಿ ಪಡು ಮೂಡು ಮರ್ತಿಯಾ?”

ಉಳ್ಳಾಲ ಹೊಳೆಯ ದಕ್ಷಿಣ ದಂಡೆ; ಅದಕ್ಕೆ ಬೆನ್ನು ಹಾಕಿ ಅವರೆಲ್ಲ ಬಡಗುಮುಖವಾಗಿ, ಉತ್ತರಕ್ಕೆ, ನಿಂತಿದ್ದರು. ಚಿತ್ರದಲ್ಲಿ ಪಡು ಬಲಗಡೆಗಿತ್ತು. ಗಾಬರಿಯಲ್ಲಿ ಮಸೂರವನ್ನು ಮೇಲೆತ್ತಿದೆ. ಸಾಲೆಲ್ಲ ಕಲಸಿಹೋಗಿ, ತಲೆಕೆಳಗಾಗಿ, ಎಡಬಲ ಅದಲುಬದಲಾಯಿತು.

“ಅಯ್ಯೋ, ಎಲ್ಲರನ್ನೂ ಮಗುಚಿ ಹಾಕಿದಿಯಲ್ಲ! ಇಳಿಸು, ಇಳಿಸು.”

ಇಳಿಸಿ, ಬಲದಿಂದ ಮೂರನೆಯವರ ಮೇಲೆ ಹಿಡಿದೆ. ಅಂಗಿಯ ಗುಂಡಿಗಳು ಕಂಡವು, ಕಾಲ ಕೆಳಗಿನ ಮರಳು ಕಂಡಿತು. ಮುಖವಿದ್ದಲ್ಲಿ ಮಂಜು. ಚಿತ್ರ ತೆಗೆಯುವಷ್ಟು ಹೊತ್ತಿನಲ್ಲಿ ಅಪ್ಪ ತಲೆ ತಿರುಗಿಸಿದ್ದರು. ಮಸೂರವನ್ನು ಹೇಗೆ ಹಿಡಿದರೂ ಆ ಮಂಜೇ ದೊಡ್ಡದಾಯಿತು.

“ಒಂದು ಗಳಿಗೆ ಸುಮ್ಮನೆ ನಿಲ್ಲುವ ಜನ ಅಲ್ಲ,” ಎಂದರು ಅಮ್ಮ. ಮಸೂರವನ್ನು ನನ್ನ ಕೈಯಿಂದ ತೆಗೆದುಕೊಂಡು, ನನಗೆ ಕಾಣದ ಏನನ್ನೋ ನೋಡುತ್ತ ಮಧ್ಯಾಹ್ನದ ಊಟವನ್ನೂ ಮರೆತು ಕುಳಿತರು.

ಚಿತ್ರದ ಕಾಲವನ್ನು ಮುಂದೆ ನಾನು ಬಂದರಿನ ಹಳೆಯ ಕಡತಗಳಲ್ಲಿಯೂ ಪರಿಶೀಲಿಸಿದೆ. ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ಇಂದಿಗೂ ಅಪ್ಪ ಎಂದಾಗ ನನ್ನ ಕಣ್ಣಿಗೆ ಕಟ್ಟುವುದು ಆ ಅಡಿಗೆಯವನ ಮೀಸೆ, ಆ ಅರೆನಗು. ಬೇರೆ ಮುಖ ನನ್ನಲ್ಲಿಲ್ಲ.