ಕಸದ ಟ್ರ್ಯಾಕ್ಟರಿನ ಬೆನ್ನು ಹತ್ತಿದ ಅಕ್ಕ

ಮೊನ್ನೆ ಬೆಳಿಗ್ಗೆ ಹಿಂದೂಪುರದ ನಮ್ಮ ಬೀದಿಯ ಕೊನೆಯಲ್ಲಿ ಯಾರೋ ಕಸ ಗುಡಿಸಿ ಬೆಂಕಿ ಹಾಕಿದ್ದರು. ಬೇವಿನ ಒಣ ಎಲೆ, ಹಾಲಿನ ಪ್ಯಾಕೆಟ್ಟು, ಹಳಸಿದ ಅನ್ನ ಎಲ್ಲ ಒಟ್ಟಿಗೆ ಉರಿಯುವಾಗ ಬರುವ, ಗಂಟಲಿಗೆ ಹಿಡಿದುಕೊಳ್ಳುವ ವಾಸನೆ. ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹೋದವಳು ಹಾಗೇ ನಿಂತುಬಿಟ್ಟೆ. ಕಲ್ಯಾಣದುರ್ಗದ ಊರಾಚೆಯ ಕೆರೆಯ ಹಿಂದೆ ಒಂದು ಮಧ್ಯಾಹ್ನ ಇದೇ ಹೊಗೆ ಕುಡಿದಿದ್ದೆ. ಪಕ್ಕದಲ್ಲಿ ಮೂಗಿಗೆ ದುಪ್ಪಟ್ಟ ಒತ್ತಿಕೊಂಡು ನಿಂತಿದ್ದವಳು ಹಾಸ್ಟೆಲ್ಲಿನ ನಮ್ಮ ರೂಮಿನ ಅಕ್ಕ...

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ನಾವು ಹಿಂದೂಪುರದ ನೇಕಾರರು. ಮಗ್ಗದ ಸದ್ದಿನಲ್ಲಿ ಈ ಹುಡುಗಿ ಓದುವುದಿಲ್ಲ ಎಂದು ಅಪ್ಪ ನನ್ನನ್ನು ಕಲ್ಯಾಣದುರ್ಗದ ಒಂದು ಡಿಗ್ರಿ ಕಾಲೇಜಿಗೆ ಸೇರಿಸಿ, ಹಾಸ್ಟೆಲ್ಲಿನಲ್ಲಿ ಬಿಟ್ಟು ಬಂದಿದ್ದರು. ಅಲ್ಲಿ ಎಲ್ಲರದೂ ತೆಲುಗು. ಕನ್ನಡ ಮಾತಾಡುವವರು ನಾನು ಮತ್ತು ಅಕ್ಕ, ಇಬ್ಬರೇ. ಅವಳು ಗಡಿಯ ಕಡೆಯ ಹಳ್ಳಿಯವಳು, ಕೊನೆಯ ವರ್ಷದ ವಿದ್ಯಾರ್ಥಿನಿ. ನಾವಿಬ್ಬರೂ ಕನ್ನಡದಲ್ಲಿ ಮಾತಾಡಿ ನಕ್ಕರೆ ಉಳಿದವರು ತಟ್ಟನೆ ಸುಮ್ಮನಾಗುತ್ತಿದ್ದರು. ತಮ್ಮ ವಿಷಯವೇ ಏನೋ ಆಡಿಕೊಳ್ಳುತ್ತಿದ್ದಾರೆ ಎಂಬ ಗುಮಾನಿ ಅವರಿಗೆ.

ಆದರೆ ಗುಮಾನಿಯ ವಿಷಯದಲ್ಲಿ ಅಕ್ಕನನ್ನು ಮೀರಿಸುವವರು ಆ ಹಾಸ್ಟೆಲ್ಲಿನಲ್ಲಿ ಇರಲಿಲ್ಲ. ಮೆಸ್ಸಿನ ಮಜ್ಜಿಗೆಯ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಊರಿಗೆ ಹೋಗುವಾಗ ಟ್ರಂಕಿನ ಬೀಗಕ್ಕೆ ಒಂದು ಎಳೆ ದಾರ ಸುತ್ತಿ ಹೋಗುತ್ತಿದ್ದಳು. ಬಂದವಳೇ ಮೊದಲು ದಾರ ಹಾಗೇ ಇದೆಯೇ ಎಂದು ನೋಡುವಳು. ನನಗೊಮ್ಮೆ ಜ್ವರ ಬಂದಾಗ ವಾರ್ಡನ್ ಮೇಡಂ ಕೊಟ್ಟ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿ, ಅವಧಿ ಮುಗಿದಿದೆ ಎಂದು ಜಗಳಕ್ಕೆ ಹೋಗಿ, ಬಿಸಿಲಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದು ಬೇರೆ ಮಾತ್ರೆ ತಂದುಕೊಟ್ಟಿದ್ದಳು. ಆವತ್ತಿನಿಂದ ನಾನು ಅವಳ ಹಿಂದೆಯೇ ಇರತೊಡಗಿದೆ.

ಆ ವರ್ಷ ಕಾಲೇಜಿಗೆ ದರ್ಜೆ ಕೊಡಲು ಹೊರಗಿನಿಂದ ಕಮಿಟಿಯವರು ಬರುವವರಿದ್ದರು. ಅದಕ್ಕೇ ಇರಬೇಕು, ಜೂನಿನಲ್ಲಿ ಇಲ್ಲದ ಎಕೋ ಕ್ಲಬ್ಬು ದಸರೆ ರಜೆ ಮುಗಿಯುವಷ್ಟರಲ್ಲಿ ಹುಟ್ಟಿಕೊಂಡಿತು. ಮೆಸ್ಸಿನ ಬಾಗಿಲಲ್ಲಿ ಹಸಿರು, ನೀಲಿ, ಕೆಂಪು ಡಬ್ಬಗಳು ಬಂದು ಕೂತವು. ಹಸಿರಿಗೆ ಅನ್ನ, ಸಿಪ್ಪೆ. ನೀಲಿಗೆ ಕಾಗದ, ಕವರು. ಕೆಂಪು ಯಾತಕ್ಕೆ ಎಂದು ಹೇಳಲು ಕ್ಲಬ್ಬಿನ ಮೇಷ್ಟ್ರು ನಾಚಿಕೊಂಡು ಕೆಮ್ಮಿದರು. ಮರುದಿನ ಅಕ್ಕನೇ ಅದನ್ನು ಎತ್ತಿಕೊಂಡು ಹೋಗಿ ಬಚ್ಚಲುಮನೆಯ ಪಕ್ಕ ಇಟ್ಟು ಬಂದಳು. ನಾವು ಹೆಣ್ಣುಮಕ್ಕಳು ಸರದಿಯ ಮೇಲೆ ಡಬ್ಬಗಳ ಬಳಿ ನಿಂತು ಬೆರಕೆಯಾದದ್ದನ್ನು ಬೇರೆ ಮಾಡುತ್ತಿದ್ದೆವು. ಹಿತ್ತಲಿನ ತಗಡಿನ ಶೆಡ್ಡಿಗೆ ‘ಎರೆಹುಳು ಗೊಬ್ಬರ ಘಟಕ’ ಎಂದು ಬೋರ್ಡು ಬಿತ್ತು. ನಮ್ಮ ತಟ್ಟೆಯ ಅನ್ನವೇ ಅಲ್ಲಿ ಗೊಬ್ಬರವಾಗಿ ಗಿಡಕ್ಕೆ ಹೋಗುತ್ತದೆ ಎಂದು ಮೇಷ್ಟ್ರು ಹೇಳಿದಾಗ ನನಗೆ ನಿಜಕ್ಕೂ ಹಿಗ್ಗಾಗಿತ್ತು.

ಅಕ್ಕನಿಗೆ ಆಗಲಿಲ್ಲ. ಒಂದು ಸಂಜೆ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ತೊಟ್ಟಿಯ ಮೇಲಿನ ಗೋಣಿತಟ್ಟು ಸರಿಸಿ, ಗೊಬ್ಬರದಲ್ಲಿ ಮೊಣಕೈವರೆಗೆ ಕೈ ಹಾಕಿ ಕೆದಕಿದಳು.

“ಏನು ಕಾಣ್ತದೆ ಹೇಳು?”

“ಗೊಬ್ಬರ ಕಣಕ್ಕ.”

“ಕರಿಬೇವಿನ ಕಡ್ಡಿ ಎಲ್ಲವ್ವ? ದಿನಾ ಸಾಂಬಾರಿನಾಗೆ ಹಿಡಿ ಕಡ್ಡಿ ಬತ್ತದೆ, ಎಲ್ಲಾರೂ ತೆಗೆದು ಹಸಿರು ಡಬ್ಬಕ್ಕೇ ಹಾಕ್ತೀವಿ. ಆ ಕಡ್ಡಿ ಅಷ್ಟು ಬೇಗ ಕೊಳೆಯಲ್ಲ. ಇದ್ರಾಗೆ ಒಂದೂ ಇಲ್ವಲ್ಲ. ಇದು ಯಾರದೋ ತಿಪ್ಪೆಯಿಂದ ತಂದು ಸುರಿದಿರೋದು ಕಣಮ್ಮ.”

ನನಗೆ ನಗು ಬಂತು. ಗೊಬ್ಬರವನ್ನೂ ನಂಬದವಳು ಎಂದು ಅವಳನ್ನು ಹಾಸ್ಯ ಮಾಡಿದೆ. ಅವಳು ನಗಲಿಲ್ಲ. ಕೈ ತೊಳೆಯುತ್ತಾ, “ಹಂಗಾದ್ರೆ ನಮ್ ಕಸ ಎಲ್ಗೋಯ್ತದೆ?” ಎಂದಳು.

ಕಸ ಒಯ್ಯಲು ಒಂದು ಟ್ರ್ಯಾಕ್ಟರು ಬರುತ್ತಿತ್ತು. ಮುಂದಿನ ವಾರ ಪ್ರಾಕ್ಟಿಕಲ್ಸ್ ಇಲ್ಲದ ಒಂದು ಮಧ್ಯಾಹ್ನ ಅಕ್ಕ ಊರಿನ ಗೆಳತಿಯೊಬ್ಬಳ ಸ್ಕೂಟಿ ಕೇಳಿ ತಂದಳು. ನಾನು ಹಿಂದೆ ಕೂತೆ. ಯಾವುದನ್ನಾದರೂ ಬೆನ್ನು ಹತ್ತುವುದೆಂದರೆ ಜೋರಾಗಿ ಹೋಗುವುದು ಎಂದುಕೊಂಡಿದ್ದೆ. ಟ್ರ್ಯಾಕ್ಟರಿನ ಹಿಂದೆ ಹೋಗುವುದು ಎಂದರೆ ನಿಲ್ಲುವುದೇ ಹೆಚ್ಚು. ಅದು ತೆವಳುತ್ತಿತ್ತು. ನಾವು ಒಂದು ಅಂಗಡಿಯ ಮುಂದೆ ನಿಂತು ಸೋಡಾ ಕುಡಿದು ಹೊರಟರೂ ಅದು ಇನ್ನೂ ಮುಂದಿನ ತಿರುವಿನಲ್ಲೇ ಇರುತ್ತಿತ್ತು. ಊರು ದಾಟಿ, ಕೆರೆ ಏರಿ ದಾಟಿ, ಜಾಲಿ ಗಿಡಗಳ ನಡುವೆ ಇಳಿಯಿತು. ಅಲ್ಲಿ ಹಸಿರು, ನೀಲಿ, ಕೆಂಪು ಎಲ್ಲವೂ ಒಂದೇ ರಾಶಿಯಾಗಿ ಬಿದ್ದವು. ಡ್ರೈವರು ಕೆಳಗಿಳಿದು ಬೆಂಕಿ ಹಚ್ಚಿದ. ನಾವು ದಿನವೂ ಮೂಗು ಮುಚ್ಚಿಕೊಂಡು ಬೇರೆ ಬೇರೆ ಮಾಡಿದ್ದೆಲ್ಲ ಕಣ್ಣೆದುರಿಗೇ ಒಂದಾಗಿ ಉರಿಯಿತು.

ಡ್ರೈವರು ನಮ್ಮನ್ನು ನೋಡಿದ. ನಾನು ಸ್ಕೂಟಿಯ ಹಿಂದೆ ಸರಿದೆ. ಅಕ್ಕ ಮಾತ್ರ ತೆಲುಗಿನಲ್ಲಿ, ಕಾಲೇಜಿನ ಪ್ರಾಜೆಕ್ಟಿಗೆ ಫೋಟೋ ಬೇಕಿತ್ತು ಎಂದು ಸಲೀಸಾಗಿ ಹೇಳಿ ಫೋನು ತೆಗೆದಳು. ಅವನಿಗೆ ಖುಷಿಯಾಯಿತು. “ನನ್ನು ಕೂಡಾ ತೀಯಂಡಮ್ಮಾ”, ನನ್ನದೂ ಒಂದು ತೆಗೆಯಿರಿ, ಎಂದು ತಲೆಗೂದಲು ಸರಿಮಾಡಿಕೊಂಡು ಟ್ರ್ಯಾಕ್ಟರಿಗೆ ಒರಗಿ ನಿಂತ. ಅಕ್ಕ ಅವನನ್ನೂ, ಅವನ ಹಿಂದಿನ ಹೊಗೆಯನ್ನೂ ಸೇರಿಸಿ ಫೋಟೋ ತೆಗೆದಳು. ಹೊರಡುವಾಗ ಟವೆಲಿನ ಗಂಟು ಬಿಚ್ಚಿ ಹುರಿದ ಕಡಲೆಕಾಯಿ ತೆಗೆದು ನಮ್ಮಿಬ್ಬರ ಕೈಗೂ ಹಾಕಿದ. ಅಕ್ಕ ತಿನ್ನುವ ಮೊದಲು ಒಂದನ್ನು ಸುಲಿದು ಮೂಸಿ ನೋಡಿದಳು.

ಬಟ್ಟೆ ಒಣಹಾಕುವ ಮಹಡಿಯ ಮೇಲೆ ಕೂತು ಮುಂದಿನದನ್ನು ಮಾತಾಡಿಕೊಂಡೆವು. ಕನ್ನಡದಲ್ಲೇ. ಕಮಿಟಿಯವರು ಮೆಸ್ಸಿಗೆ ಬಂದಾಗ ಅಕ್ಕ ನೇರ ಹೋಗಿ ಫೋಟೋ ತೋರಿಸುವುದು. ಅಲ್ಲಿಯವರೆಗೆ ಯಾರ ಮುಂದೆಯೂ ಉಸಿರೆತ್ತುವ ಹಾಗಿಲ್ಲ.

“ಕ್ಲಬ್ಬಿನ ಮೇಷ್ಟ್ರಿಗೆ ಮೊದ್ಲು ಹೇಳಿದ್ರೆ? ಒಳ್ಳೇವರು ಅವರು,” ಎಂದೆ.

“ಒಳ್ಳೇವ್ರೇ. ಅದ್ಕೇ ಪ್ರಿನ್ಸಿಪಾಲ್ರಿಗೆ ಹೇಳ್ಬುಡ್ತಾರೆ.”

ಕಮಿಟಿ ಬರುವ ಹಿಂದಿನ ದಿನ ವಾರ್ಡನ್ ಮೇಡಂ ಅಕ್ಕನನ್ನು ಕರೆಸಿದರು. ನೇರವಾಗಿ ಫೋನು ಕೇಳಿದರು. ಕೆರೆಯ ಹತ್ತಿರ ತೆಗೆದ ಫೋಟೋ ಎಲ್ಲಿ ಎಂದೇ ಕೇಳಿದರಂತೆ. ಅಳಿಸಿಹಾಕಿ, ಊರಿಗೆ ಫೋನು ಮಾಡಿದರು. ಹುಡುಗಿ ಹೇಳದೆ ಕೇಳದೆ ಗಾಡಿ ಹತ್ತಿ ಊರಾಚೆ ತಿರುಗುತ್ತಾಳೆ ಎಂದು ಅವಳ ಅಪ್ಪನಿಗೆ ಹೇಳಿದರು. ಅಷ್ಟು ಸಾಕಾಯಿತು. ಸಂಜೆಯ ಬಸ್ಸಿಗೇ ಬಂದ ಆ ಅಪ್ಪ ಯಾರನ್ನೂ ಏನನ್ನೂ ಕೇಳಲಿಲ್ಲ, ಗೇಟಿನ ಹೊರಗೆ ಬೆನ್ನು ಮಾಡಿ ನಿಂತಿದ್ದರು.

ಅಕ್ಕ ಹಾಸಿಗೆ ಸುತ್ತುತ್ತಿದ್ದಳು. ನಾನು ಹಗ್ಗ ಹಿಡಿಯಲು ಹೋದೆ. ಅವಳು ಹಗ್ಗವನ್ನು ನನ್ನ ಕೈಯಿಂದ ಬಿಡಿಸಿಕೊಂಡಳು.

“ನಾವು ಮಾತಾಡಿದ್ದು ಕನ್ನಡದಾಗೆ. ಇಲ್ಲಿ ಅದು ತಿಳಿಯೋದು ನಿಂಗೊಬ್ಳಿಗೇ.”

“ಅಕ್ಕ, ನಾನ್ಯಾಕೆ ಹೇಳ್ಲಿ? ನಮ್ಮಮ್ಮನಾಣೆ...”

“ಅಮ್ಮನ್ನ ಯಾಕೆ ತತ್ತೀಯ? ಬ್ಯಾಡ ಬುಡಮ್ಮ.”

ಹಾಗೆಂದು ಟ್ರಂಕು ಎತ್ತಿಕೊಂಡು ಹೋದಳು. ಆ ಸಲ ಬೀಗಕ್ಕೆ ದಾರ ಸುತ್ತಿರಲಿಲ್ಲ.

ರಾತ್ರಿಯಿಡೀ ಒಬ್ಬೊಬ್ಬರನ್ನೇ ಅನುಮಾನಿಸಿದೆ. ಸ್ಕೂಟಿ ಕೊಟ್ಟ ಗೆಳತಿಯೇ? ಅವಳಿಗೆ ಎಲ್ಲಿಗೆ ಹೋಗುತ್ತೇವೆಂದೇ ಗೊತ್ತಿರಲಿಲ್ಲ. ಎದುರು ರೂಮಿನವಳಿಗೆ ಕನ್ನಡ ಬರುತ್ತಿದ್ದು, ಬಾರದವಳ ಹಾಗೆ ಇದ್ದಳೇ? ಡ್ರೈವರಣ್ಣನ ಮುಖ ಮನಸ್ಸಿಗೆ ಬಂತು, ಆದರೆ ಆ ಫೋಟೋದಲ್ಲಿ ಇದ್ದವನೇ ಅವನು. ತನ್ನ ಮೇಲೆ ತಾನೇ ಯಾರಾದರೂ ಚಾಡಿ ಹೇಳಿಕೊಳ್ಳುತ್ತಾರೆಯೇ...

ಮರುದಿನ ಕಮಿಟಿಯವರು ಬಂದರು. ಬಿಳಿ ಕೂದಲಿನ ಒಬ್ಬ ಮೇಡಂ ಶೆಡ್ಡಿನ ಮುಂದೆ ನಿಂತು ಗೊಬ್ಬರವನ್ನು ಹೊಗಳುತ್ತಿದ್ದರು. ಸರದಿಯವರ ಸಾಲಿನಲ್ಲಿ ನಾನೂ ನಿಂತಿದ್ದೆ. ಕೈಯಲ್ಲಿ ಫೋಟೋ ಇರಲಿಲ್ಲ. ಸಾಲು ಬಿಟ್ಟು ಮುಂದೆ ಹೋಗಿ, ಮೆಸ್ಸಿನ ಕಸದ ಗೊಬ್ಬರದಲ್ಲಿ ಒಂದಾದರೂ ಕರಿಬೇವಿನ ಕಡ್ಡಿ ಇರಬೇಕಲ್ಲವೇ ಮೇಡಂ ಎಂದು ತೆಲುಗಿನಲ್ಲಿ ಕೇಳಿದೆ. ಅವರು ಮೊದಲು ನನ್ನನ್ನು, ಆಮೇಲೆ ಪ್ರಿನ್ಸಿಪಾಲರನ್ನು ನೋಡಿದರು. ಬಳಿಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೇ ಕೆದಕಿದರು.

ಗದ್ದಲ ಏನೂ ಆಗಲಿಲ್ಲ. ಆದರೆ ಸಂಕ್ರಾಂತಿ ರಜೆ ಮುಗಿಸಿ ಬರುವಷ್ಟರಲ್ಲಿ ಹಾಸ್ಟೆಲ್ಲಿನ ಹಿಂದೆ ಗುಂಡಿಗಳನ್ನು ತೋಡಿಸಿದ್ದರು. ಕ್ಲಬ್ಬಿನ ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ಮೊದಲ ದಿನ ತಾವೇ ಒಣ ಎಲೆ ಹರಡಿದರು. ಆಮೇಲೆ ನಾವೇ ಹಸಿ ಕಸ ಹಾಕಿ, ಮಣ್ಣು ಮುಚ್ಚಿ, ನೀರು ಚಿಮುಕಿಸಿದೆವು. ಮಳೆಗಾಲಕ್ಕೆ ಗೊಬ್ಬರವಾಯಿತು. ಅದರ ತುಂಬ ಕರಿಬೇವಿನ ಕಡ್ಡಿಗಳಿದ್ದವು. ಪೇಟೆಯಲ್ಲಿ ಮಾರುವ ಗೊಬ್ಬರದಷ್ಟು ಚೆಂದವೇನೂ ಇರಲಿಲ್ಲ.

ಅಕ್ಕ ಊರಿನಿಂದ ಬಂದು ಪರೀಕ್ಷೆ ಬರೆದು ಹೋದಳು. ಅವಳನ್ನು ಮುಂದಕ್ಕೆ ಓದಿಸಲು ಮನೆಯವರು ಒಪ್ಪಲಿಲ್ಲ. ಅನಂತಪುರಕ್ಕೆ ಹೋಗಿ ಎಂ.ಎಸ್‌ಸಿ. ಮಾಡಬೇಕು ಎಂದಿದ್ದವಳು ಅವಳು. ನಾನು ಕಮಿಟಿಯ ಮುಂದೆ ಮಾತಾಡಿದ್ದು ಅವಳ ಕಿವಿಗೂ ಬಿದ್ದಿತ್ತು. ಅದರಿಂದಲಾದರೂ ನನ್ನನ್ನು ನಂಬುತ್ತಾಳೆ ಎಂದುಕೊಂಡಿದ್ದೆ. “ನನ್ನನ್ನ ಯಾಕೆ ಸರಿಸಿದ್ಲು ಅಂತ ಈಗ ತಿಳೀತು, ತಾನೇ ಹೆಸರು ತಕ್ಕಳಾಕೆ” ಎಂದಳಂತೆ. ಪರೀಕ್ಷೆಯ ಹಾಲಿನಲ್ಲಿ ನನ್ನ ಬೆಂಚನ್ನು ದಾಟಿ ಹೋದವಳು ತಿರುಗಿ ನೋಡಲಿಲ್ಲ.

ಮದುವೆಯಾಗಿ ಹಿಂದೂಪುರದಲ್ಲೇ ಉಳಿದೆ. ಕೆಲವು ವರ್ಷಗಳ ಹಿಂದೆ ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ನನ್ನನ್ನೇ ದಿಟ್ಟಿಸುತ್ತಿದ್ದರು. ಸೆರಗು ಬಿಗಿ ಹಿಡಿದು ಆಚೆ ಸರಿದೆ. ಆತ ಹತ್ತಿರ ಬಂದು, “ಎಕೋ ಕ್ಲಬ್ ಪಾಪಾ ಕದಾ?”, ಆ ಕ್ಲಬ್ಬಿನ ಹುಡುಗಿಯಲ್ಲವೇ, ಎಂದು ನಕ್ಕಾಗ ಗುರುತು ಹತ್ತಿತು. ಟ್ರ್ಯಾಕ್ಟರಿನ ಡ್ರೈವರಣ್ಣ. ಕೂದಲೆಲ್ಲ ನರೆತಿತ್ತು. ಮನೆ, ಮಕ್ಕಳು ಎಂದು ವಿಚಾರಿಸಿದ ಮೇಲೆ ಸಣ್ಣ ಮಕ್ಕಳ ಹಾಗೆ ಮುನಿಸು ತೋರಿಸಿದ. ಫೋಟೋ ಕೊಡಲೇ ಇಲ್ಲವಲ್ಲಮ್ಮಾ, ಟ್ರ್ಯಾಕ್ಟರಿನ ಜೊತೆ ನಂದು ಅದೊಂದೇ ಫೋಟೋ. ಒಂದು ಕಾಪಿ ಹಾಕಿಸಿಕೊಡಿ, ಆ ಹುಡುಗಿಯರ ಫೋನಿನಲ್ಲಿದೆ ಎಂದು ಆವಾಗಲೇ ನಿಮ್ಮ ವಾರ್ಡನ್ ಮೇಡಂಗೆ ಎಷ್ಟು ಸಲ ಹೇಳಿದ್ದೆ ಎಂದ.

ನಾನು ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟೆ. ಅವನ ಬಸ್ಸು ಬಂತು, ಓಡಿ ಹತ್ತಿಕೊಂಡ.

ಹಳೆಯ ಗೆಳತಿಯರನ್ನೆಲ್ಲ ಕೇಳಿ ಕೇಳಿ ಅಕ್ಕ ಇರುವ ಜಾಗ ತಿಳಿದುಕೊಂಡೆ. ಗಂಡನ ಜೊತೆ ಕೊಡಿಕೊಂಡದ ಚೆಕ್‌ಪೋಸ್ಟ್ ಹತ್ತಿರ ಹೈವೇ ಪಕ್ಕ ಟಿಫನ್ ಹೋಟೆಲ್ಲು ಇಟ್ಟುಕೊಂಡಿದ್ದಳು. ಲಾರಿಯವರ ಗಲಾಟೆಯ ನಡುವೆ ದೋಸೆ ಹಾಕುತ್ತಿದ್ದವಳು ನನ್ನನ್ನು ಕಂಡದ್ದೇ ಒಲೆ ಸಣ್ಣ ಮಾಡಿದಳು. ಸ್ವಲ್ಪ ದಪ್ಪಗಾಗಿದ್ದಳು.

“ಯಾವಾಗ್ ಬಂದೆ? ಕೂತ್ಕ,” ಎಂದು ಟೀ ತಂದಿಟ್ಟಳು. ಯಾಕೆ ಬಂದೆ ಎಂದು ಕೇಳಲಿಲ್ಲ. ನಾನೇ ಹೇಳಿದೆ. ಡ್ರೈವರಣ್ಣ ಸಿಕ್ಕಿದ್ದು, ಫೋಟೋದ ಕಾಪಿ ಕೇಳಿದ್ದು, ವಾರ್ಡನ್ ಮೇಡಂಗೆ ಗೊತ್ತಾದದ್ದು... ಎಲ್ಲವನ್ನೂ. ಅವಳು ಮೇಜು ಒರೆಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು. ಒಂದು ಗಳಿಗೆ ಅವಳ ಮುಖ ಸಡಿಲವಾಯಿತು. ಜ್ವರದ ದಿನ ಮಾತ್ರೆ ಹಿಡಿದು ಒಳಗೆ ಬಂದವಳ ಮುಖ ಅದು.

“ಅವ್ನ ಹೆಸರೇನು?”

“ಕೇಳ್ಲಿಲ್ಲಕ್ಕ.”

“ಎಲ್ಲವ್ನೆ ಈಗ? ಫೋನ್ ನಂಬರ್ರು?”

“ಅಷ್ಟ್ರಲ್ಲಿ ಬಸ್ಸು ಬಂದ್ಬುಡ್ತು...”

“ನೋಡು ಮತ್ತೆ,” ಎಂದಳು. ಮುಖ ಮತ್ತೆ ಮುಚ್ಚಿಕೊಂಡಿತು. “ಇಷ್ಟು ವರ್ಷ ಬುಟ್ಟು ಈಗ್ಯಾಕೆ ಹೇಳಾಕೆ ಬಂದೆ ನೀನು?”

“ನೀನು ನಂಬ್ಲಿ ಅಂತ ಕಣಕ್ಕ. ಇನ್ನೇನಿಲ್ಲ.”

ಅವಳು ಮೇಜು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು. ಒಳಗೆ ಹೋಗಿ ಇನ್ನೊಂದು ಟೀ ತಂದು ನನ್ನ ಮುಂದೆ ಇಟ್ಟಳು. ಮೊದಲಿನದು ನಾನು ಮುಟ್ಟದೆ ಆರಿಹೋಗಿತ್ತು. “ಬಿಸಿ ಇದ್ದಂಗೇ ಕುಡಿ” ಎಂದು, ನಾನು ಕುಡಿದು ಮುಗಿಸುವವರೆಗೂ ಎದುರಿಗೆ ಕೂತಿದ್ದಳು. ಹೊರಡುವಾಗ ರಸ್ತೆಯವರೆಗೆ ಬಂದು “ಬತ್ತಾ ಇರು” ಎಂದಳು. ಬಾ ಎಂದದ್ದೋ, ಹೋಗು ಎಂದದ್ದೋ...

ಆಮೇಲೆ ಎರಡು ಮೂರು ಸಲ ಹೋಗಿದ್ದೆ. ಮಕ್ಕಳ ಮಾತು, ಸೀರೆಯ ಮಾತು ಆಡಿದೆವು. ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ಸಲ ಎತ್ತೋಣ ಎಂದುಕೊಂಡೇ ಪ್ರತಿ ಸಲವೂ ಬಸ್ಸು ಹತ್ತುತ್ತಿದ್ದೆ.

ಮೊನ್ನೆಯ ಆ ಹೊಗೆಯ ನಂತರ ತಡೆಯಲಾಗಲಿಲ್ಲ, ನಿನ್ನೆ ಮತ್ತೆ ಹೋದೆ. ರಸ್ತೆ ಅಗಲ ಮಾಡುವುದಕ್ಕೆ ಆ ಸಾಲಿನ ಅಂಗಡಿಗಳನ್ನೆಲ್ಲ ಕೆಡವಿ ಜಲ್ಲಿ ಹರಡಿದ್ದಾರೆ. ಹೋಟೆಲ್ಲು ಎಲ್ಲಿತ್ತು ಎಂಬುದೂ ಗುರುತು ಹತ್ತಲಿಲ್ಲ. ಅವಳಿಗೆ ಫೋನು ಹೋಗುತ್ತಿಲ್ಲ. ಆಚೆಬದಿಯ ಪಂಕ್ಚರ್ ಅಂಗಡಿಯವನು, ಅವರು ಚಿಲಮತ್ತೂರಿನ ಕಡೆ ಮನೆ ಮಾಡಿದ್ದಾರೆ ಎಂದ. ಪಕ್ಕದಲ್ಲಿ ಎಳನೀರು ಮಾರುತ್ತಿದ್ದ ಹೆಂಗಸು, ಇಲ್ಲ ಇಲ್ಲ, ಸೋಮಂದೇಪಲ್ಲಿಗೆ ಹೋದರು ಎಂದಳು. ಇಬ್ಬರೂ ತಾವೇ ಕಣ್ಣಾರೆ ಕಂಡವರ ಹಾಗೆ ಹೇಳಿದರು. ಯಾರ ಮಾತನ್ನು ನಂಬುವುದೋ ತಿಳಿಯದೆ, ಎರಡು ಕಡೆಯ ಬಸ್ಸುಗಳನ್ನೂ ಬಿಟ್ಟುಕೊಂಡು, ಬಿಸಿಲಲ್ಲಿ ನಿಂತೇ ಇದ್ದೆ.