ಎಂಟು ಹನ್ನೆರಡರ ಕಿಟಕಿ, ಲೇಹ್‌ನ ಮೋಡ

"ಪ್ರಳಯವೇ ಬಂದರೂ ಬೆಳಗಿನ ಎಂಟು ಹನ್ನೆರಡರ ಲೋಕಲ್ ರೈಲಿನಲ್ಲಿ ನಾನು ಇರುವವನೇ ಮಾರಾಯ" ಎನ್ನುತ್ತಿದ್ದ ಡೊಂಬಿವಲಿಯ ವಿಷ್ಣುಮೂರ್ತಿ. ಸುಳ್ಳಲ್ಲ. ಒಂದು ಮಳೆಗಾಲ ಹಳಿಗಳೆಲ್ಲ ಮುಳುಗಿದಾಗ, ಟಿಫಿನ್ ಡಬ್ಬಿ ತಲೆಯ ಮೇಲಿಟ್ಟುಕೊಂಡು ಪ್ಲಾಟ್‌ಫಾರ್ಮಿಗೆ ಈಜಿ ಬಂದು, ಬಾರದ ರೈಲಿಗೆ ಹಾಜರಿ ಹಾಕಿ ಹೋದದ್ದನ್ನು ನಾನೇ ಕಂಡಿದ್ದೇನೆ. ಸ್ಟೇಷನ್ನಿನ ಗಡಿಯಾರ ಕೆಟ್ಟರೆ ಮಾಸ್ತರರು ಅವನ ಮುಖ ನೋಡಿ ಮುಳ್ಳು ತಿರುಗಿಸುತ್ತಿದ್ದರು.

ಉಡುಪಿ ಕಡೆಯ ಮನುಷ್ಯ, ಠಾಣೆ ಪಟ್ಟಣದ ಬಾಯ್ಲರ್ ಕಾರ್ಖಾನೆಯಲ್ಲಿ ಫಿಟ್ಟರ್. ಡೊಂಬಿವಲಿಯಿಂದ ಠಾಣೆಗೆ ಇಪ್ಪತ್ತೈದು ನಿಮಿಷ. ಆ ಇಪ್ಪತ್ತೈದು ನಿಮಿಷ ಕಿಟಕಿ ಪಕ್ಕ ಕೂರುವ ಹಕ್ಕನ್ನು ಹನ್ನೊಂದು ವರ್ಷ ನಿಂತು ಗಳಿಸಿದ್ದ. ನಮ್ಮ ರೈಲು ಡಬ್ಬಿಯ ಗುಂಪಿಗೆ ತನ್ನದೇ ಕಾನೂನು: ಸೀಟು ಹಿರಿತನದ ಮೇಲೆ. ರಜೆ ಹೋದವನ ಕರ್ಚೀಫನ್ನು ಅವನ ಜಾಗದಲ್ಲಿ ದಿನಾ ಹಾಸಬೇಕು; ಅದರ ಮೇಲೆ ಸಾಕ್ಷಾತ್ ರೈಲ್ವೆ ಮಂತ್ರಿಯೂ ಕೂರುವ ಹಾಗಿಲ್ಲ. ಹದಿನೈದು ದಿನ ಕಳೆದರೆ ಅದು ಬರೀ ಬಟ್ಟೆ, ಸೀಟು ಮುಂದಿನವನಿಗೆ. ಆ ಮುಂದಿನವನು ಬಿಜಾಪುರದ ಸಂಕರ್ಷಣ.

ಎಂಬತ್ತನಾಲ್ಕರ ಜನವರಿಯಲ್ಲಿ ಕಾರ್ಖಾನೆಯವರು ವಿಷ್ಣುಮೂರ್ತಿಯನ್ನು ಬಾಯ್ಲರ್ ರಿಪೇರಿಗೆಂದು ಲೇಹ್‌ಗೆ ಕಳಿಸಿದರು. ಅಲ್ಲಿಗೆ ಚಳಿಗಾಲದಲ್ಲಿ ರಸ್ತೆಯೆಲ್ಲ ಹಿಮದಡಿ, ವಿಮಾನವೊಂದೇ ದಾರಿ. "ಎಂಟು ದಿನದ ಕೆಲಸ. ಇದನ್ನು ಹಾಸ್ತಾ ಇರಿ" ಎಂದು ನೀಲಿ ಅಂಚಿನ ಕರ್ಚೀಫು ನನ್ನ ಕೈಗಿಟ್ಟು ಹೋದ.

ಬಾಯ್ಲರ್ ಎಂಟೇ ದಿನಕ್ಕೆ ಸರಿಹೋಯಿತು. ಆಕಾಶ ಸರಿಹೋಗಲಿಲ್ಲ. ದಿನಾ ಬೆಳಿಗ್ಗೆ ದೆಹಲಿಯಿಂದ ವಿಮಾನ ಬರುವುದು, ಮೋಡದಲ್ಲಿ ಬೆಟ್ಟ ಯಾವುದು ಬಯಲು ಯಾವುದು ತಿಳಿಯದೆ ಮೇಲೊಂದು ಸುತ್ತು ಹಾಕಿ ದೆಹಲಿಗೇ ಮರಳುವುದು. ಹತ್ತನೆಯ ದಿನ ಅವನ ಹೆಂಡತಿ ವೇದಾವತಿ ಟೆಲಿಗ್ರಾಮ್ ಹಿಡಿದು ನಮ್ಮ ಮನೆಗೆ ಬಂದರು. "ವಿಮಾನ ಬಂತು, ನೋಡಿತು, ಹೋಯಿತು. ಸೀಟು ಕಾಪಾಡಿ" ಎಂದಿತ್ತು.

"ಎಂತ ಮಾರ್ರೆ ಇದು? ನಾನು ಇದ್ದೇನಾ ಸತ್ತೆನಾ ಅಂತ ಒಂದು ಶಬ್ದ ಇಲ್ಲ. ಬೆಂಚಿನ ಕ್ಷೇಮ ಮಾತ್ರ ಬೇಕಂತೆ!"

ಲೇಹ್‌ನಲ್ಲಿ ಚಹಾವನ್ನು ಸುರಿಯುವುದಿಲ್ಲವಂತೆ, ಸುತ್ತಿಗೆಯಿಂದ ಒಡೆದು ಹಂಚುತ್ತಾರಂತೆ. ಅಂಥ ಚಳಿಯಲ್ಲಿ ಹದಿನಾಲ್ಕನೆಯ ದಿನ ಮೋಡ ಹರಿದು ವಿಮಾನ ಇಳಿಯಿತು. ಉಳಿದವರು ಕೈಗೆ ಉಸಿರೂದಿಕೊಳ್ಳುತ್ತ ಸಾಲಿನಲ್ಲಿ ನಿಂತರು. ಆದರೆ ಗಾಡಿ ನಿಧಾನವಾಗುವುದು ಕಂಡೊಡನೆ ವಿಷ್ಣುಮೂರ್ತಿಯ ಕಾಲಿಗೆ ಡೊಂಬಿವಲಿಯೇ ನೆನಪಾಯಿತು. ನಿಲ್ಲುವ ಮೊದಲೇ ಹತ್ತಿದರೆ ತಾನೇ ಸೀಟು? ಚೀಲ ಎದೆಗೊತ್ತಿಕೊಂಡು, ಓಡುತ್ತಿರುವ ವಿಮಾನದ ಬಾಗಿಲಿಗೆ ನೆಗೆಯಲು ಓಡಿದ. ಕಾವಲಿಗಿದ್ದ ಇಬ್ಬರು ಸೈನಿಕರು ಅವನನ್ನು ಹಾಗೇ ಎತ್ತಿಕೊಂಡು ಹೋದರು.

"ವಿಮಾನದ ಕಡೆ ಯಾಕೆ ಓಡಿದೆ?"

"ಕಿಟಕಿ ಸೀಟಿಗೆ, ಸಾಬ್!"

ಕಿಟಕಿ ಸೀಟಿನ ನಂಬರು ಅವನ ಜೇಬಿನಲ್ಲೇ ಇತ್ತು. ವಿಚಾರಣೆ ಮುಗಿಯುವುದರೊಳಗೆ ಮೋಡ ಮತ್ತೆ ಕವಿಯತೊಡಗಿತು, ವಿಮಾನ ಗಡಿಬಿಡಿಯಲ್ಲಿ ಹಾರಿತು. ಅದನ್ನು ಹತ್ತಲು ಹೊರಟಿದ್ದ, ನಮ್ಮ ಪಕ್ಕದೂರು ಕಲ್ಯಾಣದ ಒಬ್ಬ ಸೈನಿಕನ ಕೈಗೆ ತನ್ನ ಇನ್ನೊಂದು ಕರ್ಚೀಫು ತುರುಕಿ, "ಡೊಂಬಿವಲಿ, ಎಂಟು ಹನ್ನೆರಡು, ಮೂರನೇ ಡಬ್ಬಿ!" ಎಂದು ಕೂಗಿದ್ದಷ್ಟೇ ಅವನಿಂದಾದದ್ದು.

ಪುಣ್ಯಾತ್ಮ ಸೈನಿಕ ಹದಿನಾರನೆಯ ದಿನ ಪ್ಲಾಟ್‌ಫಾರ್ಮಿಗೆ ಬಂದೇಬಿಟ್ಟ. ನಾನು ಗೆದ್ದವನಂತೆ ಅದನ್ನು ಸೀಟಿಗೆ ಹಾಸಿ, "ಹೊಸ ಕರ್ಚೀಫು, ಹೊಸ ಹದಿನೈದು ದಿನ!" ಎಂದೆ.

ಸಂಕರ್ಷಣ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಕರ್ಚೀಫು ಬಂದದ ಅಂದ್ರ ವಿಮಾನ ಬಂದದ, ಹೌದಿಲ್ಲೋ? ವಿಮಾನ ಬಂದ್ರೂ ಮನಷ್ಯಾ ಬಂದಿಲ್ಲಂದ್ರ, ಅವರಿಗೆ ಸೀಟು ಬ್ಯಾಡ ಅಂತ ಅರ್ಥ."

ಇಡೀ ಡಬ್ಬಿ ತಲೆಯಾಡಿಸಿತು. ಆತ ಕರ್ಚೀಫನ್ನು ಅಚ್ಚುಕಟ್ಟಾಗಿ ಮಡಚಿ ನನಗೆ ಕೊಟ್ಟು ಕೂತ.

ಇಪ್ಪತ್ತಮೂರನೆಯ ದಿನ ವಿಷ್ಣುಮೂರ್ತಿ ಸಿಪ್ಪೆ ಸುಲಿದ ಮೂಗಿನೊಂದಿಗೆ ಹಾಜರಾದ. ತನ್ನ ಜಾಗದಲ್ಲಿ ಸಂಕರ್ಷಣನನ್ನು ನೋಡಿದ. ಮೇಲಿನ ಹಿಡಿಗೆ ಜೋತುಬಿದ್ದು ಕಣ್ಣು ಮುಚ್ಚಿದ. ನಿಂತೇ ನಿದ್ದೆ ಹೊಡೆಯುವುದು ಹನ್ನೊಂದು ವರ್ಷದ ಅಭ್ಯಾಸ. ದಿವಾ ಸ್ಟೇಷನ್ ದಾಟಿದ್ದೇ ರೈಲು ನಿಂತಿತು. ಸಿಗ್ನಲ್ ಇಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕಿಟಕಿಯಿಂದ ಇಣುಕಿ ಇಣುಕಿ ಸಂಕರ್ಷಣನ ಕತ್ತು ಒಂದು ಗೇಣು ಉದ್ದವಾಯಿತು. ಬೇಸತ್ತು ಇತ್ತ ತಿರುಗಿದ.

"ಏನ್ರೀ ವಿಷ್ಣುಮೂರ್ತಿ, ಪ್ರಳಯ ಆದ್ರೂ ಬರ್ತೀನಿ ಅಂತಿದ್ರಿ, ಒಂದ್ ಮೋಡಕ್ಕ ಸೋತ್ರಲ್ಲ! ಕಿಟಕಿ ಹೋತು. ಹ್ಯಾಂಗನಸ್ತದ?"

ವಿಷ್ಣುಮೂರ್ತಿ ಒಂದು ಕಣ್ಣು ತೆರೆದ.

"ಅಲ್ಲಿ ವಿಮಾನ ಬರ್ತದಾ ಅಂತ ಹದಿಮೂರು ದಿನ ಕಿಟಕಿಗೇ ಮೂಗು ಒತ್ತಿ ಕೂತಿದ್ದೆ ಮಾರಾಯ, ನಂಗೆ ಸಾಕು. ಇನ್ನು ಆ ಡ್ಯೂಟಿ ನಿಂದು. ಸಿಗ್ನಲ್ ಬಿದ್ರೆ ಎಬ್ಬಿಸು."